ಐವತ್ತು ಸಾವಿರದಲ್ಲಿ ಬೆಟ್ಟ ಇಳಿಯುವ ಸೈಕಲ್

ಡೌನ್‌ಹಿಲ್ ಸೈಕಲ್ ತಗೋಬೇಕು, ಕೈಯಲ್ಲಿ ಐವತ್ತು ಸಾವಿರ ಇದೆ, ಯಾವುದು ಒಳ್ಳೆಯದು ಅಂತ ಕೇಳಿಕೊಂಡು ನಮ್ಮ ಅಂಗಡಿಗೆ ಬರುವ ಹುಡುಗರು ಈಗೀಗ ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ. ದುಡ್ಡು ಮೊದಲು ತಲೆಗೆ, ಆಮೇಲೆ ಬ್ರೇಕಿಗೆ, ಆಮೇಲೆ ಟೈರಿಗೆ. ಉಳಿದ ದುಡ್ಡಿನಲ್ಲಿ ಎಂಥ ಫ್ರೇಮು, ಎಂಥ ಶಾಕು ಬರುತ್ತದೋ ಅದು. ಈ ಸಾಲನ್ನು ತಿರುವುಮುರುವು ಮಾಡಬೇಡಿ.

ನನ್ನದು ಶಿರಸಿ–ಸಿದ್ದಾಪುರ ರಸ್ತೆಯಲ್ಲಿ ಪಂಪ್‌ಸೆಟ್, ಕಳೆ ಹೊಡೆಯುವ ಮೆಷಿನ್ ರಿಪೇರಿ ಮಾಡುವ ಅಂಗಡಿ. ಸೈಕಲ್ ಮೊದಲಿನಿಂದ ಇಷ್ಟ. ಈ ಸಲ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅಕ್ಕನ ಮಗನಿಗೆ ಒಂದು ಸೈಕಲ್ ಕಟ್ಟಿದೆವು. ಅವನು ಡಿಗ್ರಿ ಓದುತ್ತಾನೆ, ರಜೆ ಬಂತೆಂದರೆ ಬೆಟ್ಟದಲ್ಲೇ ಇರುತ್ತಾನೆ. ಆ ಸೈಕಲ್ ಹೇಗೆ ಬಂತು, ದುಡ್ಡು ಎಲ್ಲಿ ಹೋಯಿತು ಅಂತ ಬಿಡಿಸಿ ಹೇಳುತ್ತೇನೆ.

ರೇಸಿನಲ್ಲಿ ಓಡಿಸುವ ಡೌನ್‌ಹಿಲ್ ಸೈಕಲ್ ಹೇಗಿರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಮುಂದೆ ಹಿಂದೆ ಎರಡೂ ಕಡೆ 200 ಮಿಲಿಮೀಟರಿನಷ್ಟು ಶಾಕ್ ಇಳಿತ, ಅಂದರೆ ಪೆಟ್ಟು ಬಿದ್ದಾಗ ಚಕ್ರ ಅಷ್ಟು ಮೇಲೆ ಕೆಳಗೆ ಆಡಬಲ್ಲದು. ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಮೋಟಾರ್‌ಬೈಕಿನ ಹಾಗೆ ಮೇಲೊಂದು ಕೆಳಗೊಂದು ಹಿಡಿತ. ತೂಕ 15ರಿಂದ 18 ಕೆಜಿ. ಹಿಂದೆ ಸಣ್ಣ ಸಣ್ಣ ಹಲ್ಲಿನ ಚಕ್ರಗಳು, ಏಳೇ ಗೇರು. ಹೊಸದಾದರೆ ಲಕ್ಷಗಳ ಲೆಕ್ಕ. ರೇಸು ನಡೆಯುವಲ್ಲೆಲ್ಲ ಸೈಕಲ್ಲನ್ನು ತಂತಿಯ ಮೇಲೆ ಓಡುವ ತೊಟ್ಟಿಲಿನಲ್ಲೋ ವ್ಯಾನಿನಲ್ಲೋ ಗುಡ್ಡದ ತುದಿಗೆ ಒಯ್ಯುತ್ತಾರೆ, ಹಾಗಾಗಿ ಅದರಲ್ಲಿ ಏರು ಹತ್ತುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಯಾರು ಒಯ್ಯುತ್ತಾರೆ? ಲಗೇಜ್ ರಿಕ್ಷಾ ಒಂದೆರಡು ಸಲ ಸಿಗಬಹುದು. ಉಳಿದಂತೆ ನೂಕಿಕೊಂಡು ಹತ್ತಬೇಕು, ಇಲ್ಲ ತುಳಿದುಕೊಂಡು ಹತ್ತಬೇಕು. ಅಡಿಕೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟಗಳಿಗೆ 150–160 ಮಿಲಿಮೀಟರ್ ಶಾಕ್ ಇದ್ದು, ತುಳಿದು ಹತ್ತಲೂ ಬರುವಂಥ ಸೈಕಲ್ಲೇ ಸರಿ.

ನೆಲ ಎಂಥದು ಎಂಬುದೂ ಮುಖ್ಯ. ಬೆಟ್ಟದ ಗಾಡಿದಾರಿ ಕೆಮ್ಮಣ್ಣು, ಮೇಲೆ ಗೋಲಿಯ ಹಾಗೆ ಉರುಳುವ ಸಣ್ಣ ಕಲ್ಲು. ಫೆಬ್ರವರಿ, ಮಾರ್ಚಿನಲ್ಲಿ ದರಕು, ಅಂದರೆ ಒಣಗಿದ ಎಲೆ ಬಿದ್ದು ಹೊಂಡ, ಬೇರು ಒಂದೂ ಕಾಣುವುದಿಲ್ಲ. ಮಳೆಗಾಲದಲ್ಲಿ ಚಿರೇಕಲ್ಲಿನ ಮೇಲೆ ಹಾವಸೆ ಕಟ್ಟುತ್ತದೆ. ತಿರುವು ಮುಗಿಯುವಲ್ಲಿ ಯಾರೋ ದನ ತಡೆಯುವ ಅಡ್ಡಗೋಲು, ಉಣಗೋಲು ಹಾಕಿ ಹೋಗಿರುತ್ತಾರೆ. ಅದರಾಚೆ ಅಗಳ (ಕಂದಕ), ಹಳ್ಳಕ್ಕೆ ಹಾಸಿದ ಅಡಿಕೆ ಮರದ ಸಂಕ. ಇಂಥ ಕಡೆ ಎಷ್ಟು ಜೋರಾಗಿ ಇಳಿದೆ ಎಂಬುದಕ್ಕಿಂತ ಬೇಕಾದಲ್ಲಿ ನಿಲ್ಲಿಸಲು ಬಂತಾ ಎಂಬುದೇ ಸವಾರನಿಗೆ ಬೇಕಾದ್ದು.

ಈ ಆಟ ಶುರುವಾದದ್ದೇ ಗುಜರಿ ಸೈಕಲ್ಲಿನಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರಿನ್ ಕೌಂಟಿ ಅಂತ ಇದೆ. ಅಲ್ಲಿ ರಿಪ್ಯಾಕ್ ಎಂಬ ಮಣ್ಣಿನ ಇಳಿಜಾರಿನಲ್ಲಿ 1976ರ ಅಕ್ಟೋಬರ್ 21ರಂದು ಮೊದಲ ಪಂದ್ಯ ನಡೆಯಿತು. ಚಾರ್ಲಿ ಕೆಲ್ಲಿ, ಗ್ಯಾರಿ ಫಿಶರ್, ಜೋ ಬ್ರೀಜ್ ಆ ಗುಂಪಿನವರು. ಅವರ ಹತ್ತಿರ ಇದ್ದದ್ದು ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು, ಅದೂ ಹಿಂದಿನ ಹಬ್ಬಿನೊಳಗೆ. ಸುಮಾರು 400 ಮೀಟರ್ ಎತ್ತರ ಇಳಿಯುವಷ್ಟರಲ್ಲಿ ಹಬ್ಬಿನ ಗ್ರೀಸ್ ಸುಟ್ಟು ಹೊಗೆ ಏಳುತ್ತಿತ್ತು. ಪ್ರತಿ ಸಲ ಕೆಳಗೆ ಬಂದು ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಆಮೇಲೆ ಆ ಸೈಕಲ್ಲಿಗೆ ಅವರು ಡ್ರಮ್ ಬ್ರೇಕು, ಮೋಟಾರ್‌ಬೈಕಿನ ಬ್ರೇಕ್ ಲಿವರು ಹಾಕಿಕೊಂಡರು, ಗೇರು ಸೇರಿಸಿದರು. ಬೆಟ್ಟದ ಸೈಕಲ್ಲಿಗೆ ಶಾಕ್ ಮಾರಾಟಕ್ಕೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕು 1989ರದು. ಬ್ರೇಕು ಮೊದಲು, ಶಾಕು ಆಮೇಲೆ. ಅನುಭವಸ್ಥರು ನಡೆದ ದಾರಿ ಅದು.

ಹೊಗೆ ಏಕೆ ಎದ್ದಿತು ಅಂತ ಲೆಕ್ಕ ಹಾಕಿ ನೋಡಬಹುದು. ಸವಾರ, ಸೈಕಲ್, ಬೆನ್ನಿನ ಚೀಲ ಎಲ್ಲ ಸೇರಿ 85 ಕೆಜಿ ಅಂತಿಟ್ಟುಕೊಳ್ಳಿ. ಅಷ್ಟು ಭಾರ 400 ಮೀಟರ್ ಕೆಳಗಿಳಿದರೆ ಹೊರಬರುವ ಶಕ್ತಿ ಒಂದು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಗಾಳಿ, ಟೈರು, ಶಾಕು ಒಂದಿಷ್ಟು ನುಂಗುತ್ತವೆ. ಉಳಿದದ್ದೆಲ್ಲ ಎರಡು ತೆಳ್ಳನೆಯ ಡಿಸ್ಕಿಗೆ.

ಅಕ್ಕನಿಗೆ ಮೊದಲು ಸುದ್ದಿ ಹೇಳಿದಾಗ, "ಸೈಕಲ್ಲಿಗೆ ಐವತ್ತು ಸಾವ್ರನಾ? ಅಷ್ಟಕ್ಕೆ ಹಳೇ ಬೈಕೇ ಬತ್ತಿತ್ತಲಾ" ಅಂದಳು. ಆದರೆ ಹೆಲ್ಮೆಟ್ಟಿನ ಮಾತು ಬಂದಾಗ ಅವಳೇ ನನಗಿಂತ ಗಟ್ಟಿಯಾಗಿ ನಿಂತಳು. ಗದ್ದದವರೆಗೆ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ಬರದೆ ಸೈಕಲ್ ಮನೆಗೆ ಬರಕೂಡದು ಎಂದು. ಹೆಲ್ಮೆಟ್ಟು, ಮಂಡಿ ಮೊಣಕೈ ಪ್ಯಾಡು, ಕೈಗವಸು ಸೇರಿ ಒಂಬತ್ತೂವರೆ ಸಾವಿರ ಆಯಿತು. ಒಳಗಿನ ಚೀಟಿಯಲ್ಲಿ ಎಎಸ್‌ಟಿಎಂ ಎಫ್1952 ಅಂತ ಇದೆಯಾ ನೋಡಿ, ಡೌನ್‌ಹಿಲ್ ಹೆಲ್ಮೆಟ್ಟಿಗೆ ಇರುವ ಪರೀಕ್ಷೆ ಅದು. ಹಳೆಯ ಹೆಲ್ಮೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಒಳಗಿನ ಥರ್ಮಾಕೋಲು ಒಂದೇ ಒಂದು ಪೆಟ್ಟು ತಡೆಯಲು ಅಂತ ಇರುವುದು. ಪೆಟ್ಟು ತಿಂದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆಯಿಂದ ಕೂಗುತ್ತಿದ್ದಾರೆ. ತಲೆಗೆ ಪೆಟ್ಟು ಬಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಶಿರಸಿಯಿಂದ ಹುಬ್ಬಳ್ಳಿ ಹತ್ತಿರ ಹತ್ತಿರ ನೂರು ಕಿಲೋಮೀಟರು. ಈ ಖರ್ಚಿನಲ್ಲಿ ಚೌಕಾಶಿ ಮಾಡಬಾರದು ಅನ್ನುವುದು ಅದಕ್ಕೇ.

ಇನ್ನು ಸೈಕಲ್. ಹುಡುಗ ಒಂದು ದಿನ ಮೊಬೈಲ್ ಹಿಡಿದುಕೊಂಡು ಬಂದ. "ಮಾವಾ, ಮುಂದೆ ಹಿಂದೆ ಎರಡೂ ಕಡೆ ಶಾಕ್ ಇದ್ದು. ಹನ್ನೆರಡೇ ಸಾವಿರ!"

"ಅಪ್ಪೀ, ಅದು ಪ್ಯಾಟೆಲಿ ತಿರುಗಲೆ ಮಾಡಿದ್ದು. ಬೆಟ್ಟಕ್ಕೆ ಆಗ್ತಿಲ್ಲೆ" ಅಂದೆ.

ಆ ಬೆಲೆಯ ಡಬಲ್ ಶಾಕ್ ಸೈಕಲ್ಲಿನಲ್ಲಿ ಹಿಂದಿರುವುದು ಬರೀ ಸ್ಪ್ರಿಂಗು. ಒಳಗೆ ಎಣ್ಣೆ ಇಲ್ಲ, ಹಾಗಾಗಿ ಹಾರಿದ ಸ್ಪ್ರಿಂಗನ್ನು ತಡೆದು ನಿಧಾನ ಮಾಡುವವರು ಯಾರೂ ಇಲ್ಲ. ಬೇರಿನ ಮೇಲೆ ಹೋದರೆ ಸವಾರನನ್ನೇ ಎತ್ತಿ ಮುಂದಕ್ಕೆ ಒಗೆಯುತ್ತದೆ. ಹೊಸದೇ ಬೇಕು, ದುಡ್ಡು ಇಷ್ಟೇ ಅಂತಾದರೆ ಹಿಂದಿನ ಶಾಕನ್ನು ಪೂರ್ತಿ ಮರೆತುಬಿಡಿ. ಮುಂದೆ ಮಾತ್ರ ಗಾಳಿ ತುಂಬುವ ಒಳ್ಳೆಯ ಫೋರ್ಕು, ಎರಡೂ ಕಡೆ ಹೈಡ್ರಾಲಿಕ್ ಬ್ರೇಕು ಇರುವ ಗಟ್ಟಿ ಹಾರ್ಡ್‌ಟೇಲ್ ತಗೊಳ್ಳಿ. ಬೆಟ್ಟ ಇಳಿಯುವುದನ್ನು ಅದರಲ್ಲೇ ಚೆನ್ನಾಗಿ ಕಲಿಯಬಹುದು. ಒಂದು ಎಚ್ಚರ: 100 ಮಿಲಿಮೀಟರ್ ಫೋರ್ಕಿಗೆ ಅಂತ ಮಾಡಿದ ಫ್ರೇಮಿಗೆ 160ರ ಫೋರ್ಕು ತುರುಕಬೇಡಿ. ಫೋರ್ಕು 20 ಮಿಲಿಮೀಟರ್ ಉದ್ದವಾದರೆ ಮುಂದಿನ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಫೋರ್ಕು ತೂರುವ ಹೆಡ್‌ಟ್ಯೂಬಿನ ಬೆಸುಗೆಯ ಮೇಲೆ ಎಳೆತ ಬೀಳುತ್ತದೆ. ಇಳಿಜಾರಿನಲ್ಲಿ ಅಲ್ಲೇ ಮುರಿಯುವುದು.

ನಾವು ಹೋದದ್ದು ಸೆಕೆಂಡ್ ಹ್ಯಾಂಡಿಗೆ, ಅದರಲ್ಲೂ 26 ಇಂಚಿನ ಚಕ್ರದ್ದಕ್ಕೆ. 2013–14ರ ಸುಮಾರಿಗೆ ಕಂಪನಿಗಳೆಲ್ಲ 27.5 ಇಂಚಿಗೆ ಹೊರಳಿದವು, 2017ರ ಸುಮಾರಿಗೆ ರೇಸಿನವರು 29ಕ್ಕೂ ಹೋದರು. ಇದರಿಂದ 26ರ ಒಳ್ಳೊಳ್ಳೆಯ ಸೈಕಲ್ಲುಗಳಿಗೆ ಬೆಲೆಯೇ ಇಲ್ಲದ ಹಾಗಾಯಿತು. ಚಕ್ರ ಸಣ್ಣದಾದರೆ ಹೊಂಡದಲ್ಲಿ ಸ್ವಲ್ಪ ಜಾಸ್ತಿ ಬಡಿಯುತ್ತದೆ, ನಿಜ. ಆದರೆ ನಮ್ಮ ಇಕ್ಕಟ್ಟಿನ ತಿರುವುಗಳಲ್ಲಿ ಬೇಗ ಹೊರಳುತ್ತದೆ. ಗಟ್ಟಿಯೂ ಹೌದು.

ಹಳೆಯ ಫ್ರೇಮ್ ನೋಡಲು ಹೋಗುವಾಗ ನಾನು ಮೂರು ಸಾಮಾನು ಒಯ್ಯುತ್ತೇನೆ. ಸಣ್ಣ ಬಾಟ್ಲಿಯಲ್ಲಿ ಚಿಮಣಿ ಎಣ್ಣೆ (ಸೀಮೆಎಣ್ಣೆ), ಒಣ ಹತ್ತಿಬಟ್ಟೆ, ಶಾಲೆಯ ಚಾಕ್‌ಪೀಸು. ಬೆಸುಗೆಯ ಸುತ್ತ ಚೆನ್ನಾಗಿ ಒರೆಸಿ, ಚಿಮಣಿ ಎಣ್ಣೆ ಸವರಿ ಕಾಲು ಗಂಟೆ ಬಿಡುವುದು. ಆಮೇಲೆ ಪಸೆಯೇ ಇಲ್ಲದ ಹಾಗೆ ಒರೆಸುವುದು. ಅದರ ಮೇಲೆ ಚಾಕಿನ ಪುಡಿ ಉದುರಿಸುವುದು. ಎಲ್ಲಾದರೂ ಕೂದಲೆಳೆಯ ಬಿರುಕಿದ್ದರೆ ಅದರೊಳಗೆ ಉಳಿದ ಎಣ್ಣೆ ನಿಧಾನವಾಗಿ ಮೇಲೆ ಬಂದು ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡಿಸುತ್ತದೆ. ಹುಬ್ಬಳ್ಳಿಯಲ್ಲಿ ಒಂದು ಕೆಂಪು ಸೈಕಲ್ ನೋಡಿದೆವು. ಹೊಳೆಯುತ್ತಿತ್ತು, ಹುಡುಗನ ಕಣ್ಣು ಅದರ ಮೇಲೇ. ಪುಡಿ ಉದುರಿಸಿ ಮಾತಾಡುತ್ತಾ ನಿಂತೆವು. ಹೆಡ್‌ಟ್ಯೂಬಿನ ಕೆಳಗೆ, ತಗಡು ಬೆಸೆದ ಅಂಚಿನಿಂದ ಹೊರಟು ಅರ್ಧ ಬೆರಳು ಉದ್ದದ ಗೆರೆಯೊಂದು ನೋಡನೋಡುತ್ತಿದ್ದ ಹಾಗೆ ಕಪ್ಪಾಯಿತು. ಮಾರುವವನಿಗೂ ಅದು ಗೊತ್ತಿರಲಿಲ್ಲ. ಪಾಪ, ಬಗ್ಗಿ ಬಗ್ಗಿ ನೋಡಿದ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬಿರುಕು ಬಂತೆಂದರೆ ಮೇಲಿಂದ ಬೆಸುಗೆ ಹಾಕಿಸಿ ಓಡಿಸುವ ಯೋಚನೆ ಬೇಡ. ಬೆಸುಗೆಯ ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ.

ಕೊನೆಗೆ ತಂದದ್ದು ಬೆಂಗಳೂರಿನಿಂದ, 21 ಸಾವಿರಕ್ಕೆ. ಹಿಂದೆ 170 ಮಿಲಿಮೀಟರ್ ಇಳಿತ, ಕಾಯಿಲ್ ಸ್ಪ್ರಿಂಗಿನ ಶಾಕು. ಮುಂದೆ ರಾಕ್‌ಶಾಕ್ಸ್ ಡೊಮೇನ್ ಫೋರ್ಕು, 20 ಮಿಲಿಮೀಟರ್ ದಪ್ಪದ ಆಕ್ಸಲ್. ಈ ಹಳೆಯ ಡೊಮೇನ್ ಭಾರ, ಕಾಲುಗಳು ಉಕ್ಕಿನವು. ಆದರೆ 35 ಮಿಲಿಮೀಟರ್ ದಪ್ಪ ಇವೆ, ಒಳಗೆ ಸ್ಪ್ರಿಂಗು, ಗಾಳಿ ಸೋರುವ ಗೋಜಿಲ್ಲ. ಬಜೆಟ್ಟಿನಲ್ಲಿ ಕಟ್ಟುವವರಿಗೆ ಇಂಥದ್ದೇ ಬೇಕು. ಫೋರ್ಕಿನ ಕಾಲನ್ನು ಉಗುರಿನಿಂದ ಮೇಲಿಂದ ಕೆಳಗೆ ಸವರಿ ನೋಡಿ. ಉಗುರು ಸಿಕ್ಕುವಂಥ ಗೀರಿದ್ದರೆ ಸೀಲು ಉಳಿಯುವುದಿಲ್ಲ. ಮುಂದಿನ ಬ್ರೇಕ್ ಹಿಡಿದು ಹಿಂದಕ್ಕೆ ಮುಂದಕ್ಕೆ ನೂಕಿ, ಎಲ್ಲೂ ಸಡಿಲ ಆಡಬಾರದು. ಸೀಟು ಹಿಡಿದು ಮೇಲೆತ್ತಿ, ಹಿಂದಿನ ಚಕ್ರ ನೆಲ ಬಿಡುವ ಮೊದಲು ಟಕ್ ಅಂದರೆ ಶಾಕಿನ ಬುಷ್ಷೋ ಬೇರಿಂಗೋ ಹೋಗಿದೆ ಎಂದರ್ಥ.

ಬೇರಿಂಗ್ ಹೋಗಿದ್ದರೆ ಹೆದರಿ ಓಡಬೇಡಿ, ಬೆಲೆ ಇಳಿಸಿ. ಸೈಕಲ್ ಅಂಗಡಿಯ ಪೊಟ್ಟಣದಲ್ಲಿ ಬರುವ ಪಿವಟ್ (ಶಾಕಿನ ಜೊತೆ ಫ್ರೇಮು ಆಡುವ ಕೀಲು) ಬೇರಿಂಗಿನ ಮೇಲೂ ಪೇಟೆಯ ಬೇರಿಂಗ್ ಅಂಗಡಿಯ ನಂಬರೇ ಇರುತ್ತದೆ. 608 ಅಂದರೆ ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. 6902 ಅಂದರೆ 15, 28, 7. ಪಂಪಿಗೆ 6203, 6204 ಹಾಕಿ ಹಾಕಿ ನನಗೆ ಇದು ಅಭ್ಯಾಸ. ಎರಡೂ ಕಡೆ ರಬ್ಬರ್ ಮುಚ್ಚಳ ಇರುವ 2ಆರ್‌ಎಸ್ ಕೇಳಿ ತಗೊಳ್ಳಿ. ಪಿವಟ್ಟಿನ ಬೇರಿಂಗು ಪೂರ್ತಿ ಸುತ್ತು ತಿರುಗುವುದಿಲ್ಲ, ಸ್ವಲ್ಪ ಆಚೀಚೆ ಆಡುತ್ತದೆ ಅಷ್ಟೆ. ಗುಂಡುಗಳು ನಿಂತಲ್ಲೇ ಸವೆಯುತ್ತವೆ. ಅದಕ್ಕೆ ಮುಚ್ಚಳ ಎಬ್ಬಿಸಿ ಒಳಗೆ ಗ್ರೀಸ್ ಗಿಡಿದು ತುಂಬಿದೆ. ಕೂರಿಸುವಾಗ ಸುತ್ತಿಗೆ ಮುಟ್ಟಲಿಲ್ಲ. ಉದ್ದನೆಯ ಬೋಲ್ಟು, ಎರಡು ದಪ್ಪ ವಾಷರು, ಸರಿಯಾದ ಅಳತೆಯ ಸಾಕೆಟ್ಟು, ಬಿಗಿಯುತ್ತ ಬಂದರೆ ತಾನಾಗಿ ಒಳಗೆ ಕೂರುತ್ತದೆ. ಬೇರಿಂಗು, ಫೋರ್ಕಿನ ಸೀಲು, ಎಣ್ಣೆ ಎಲ್ಲ ಸೇರಿ 1,800 ರೂಪಾಯಿ.

ಹಿಂದಿನ ಸ್ಪ್ರಿಂಗಿನ ಮೇಲೆ 450 × 2.75 ಅಂತ ಬರೆದಿತ್ತು. ಒಂದಿಂಚು ಒತ್ತಲು 450 ಪೌಂಡ್ ಬೇಕು, 2.75 ಇಂಚಿನವರೆಗೆ ಒತ್ತಬಹುದು ಅಂತ. ಮೊದಲಿನ ಮಾಲೀಕರು ದೊಡ್ಡ ಆಳು. ನಮ್ಮ ಹುಡುಗ 62 ಕೆಜಿ. ಹೆಲ್ಮೆಟ್ಟು ಪ್ಯಾಡು ಎಲ್ಲ ಹಾಕಿಸಿ, ಗೋಡೆಗೆ ಮೊಣಕೈ ಆನಿಸಿ, ಪೆಡಲ್ ಮೇಲೆ ನಿಲ್ಲಿಸಿದೆ. ಶಾಕಿನ ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ಟೇಪ್ ಹಿಡಿದೆ. ಖಾಲಿ ಇದ್ದಾಗ 222 ಮಿಲಿಮೀಟರ್. ಹುಡುಗ ನಿಂತಾಗ 211. ಶಾಕಿನ ಓಟ 70 ಮಿಲಿಮೀಟರ್, ಅದರಲ್ಲಿ ಕಾಲುಭಾಗದಿಂದ ಮೂವತ್ತು ಪರ್ಸೆಂಟಿನಷ್ಟು ಸವಾರನ ಭಾರಕ್ಕೇ ಇಳಿದಿರಬೇಕು. ಹೊಂಡ ಬಂದಾಗ ಚಕ್ರ ಕೆಳಗೂ ಚಾಚಿ ನೆಲ ಹಿಡಿಯಬೇಕಲ್ವಾ? 300ರ ಹಳೆಯ ಸ್ಪ್ರಿಂಗೊಂದನ್ನು ಒಂದೂವರೆ ಸಾವಿರಕ್ಕೆ ತರಿಸಿ ಹಾಕಿದ ಮೇಲೆ 204ಕ್ಕೆ ಬಂತು. ಅವತ್ತೇ ಮನೆ ಹಿಂದಿನ ಇಳಿಜಾರಿನಲ್ಲಿ ಬಿಟ್ಟು ನೋಡಿದ. "ಮಾವಾ, ಬ್ಯಾರೆ ಸೈಕಲ್ಲೇ ಆಗೋತು" ಅಂದ. ಲಕ್ಷದ ಶಾಕು ತಂದರೂ ಸ್ಪ್ರಿಂಗು ಸರಿಯಿಲ್ಲದಿದ್ದರೆ ಸುಮ್ನೆ.

ಬ್ರೇಕಿನ ವಿಷಯ. ಸೈಕಲ್ಲಿನ ಜೊತೆ ಬಂದಿದ್ದ ಹಳೆಯ ಬ್ರೇಕು ಸೋರುತ್ತಿತ್ತು, ತೆಗೆದಿಟ್ಟೆ. ಶಿಮಾನೋದ ನಾಲ್ಕು ಪಿಸ್ಟನ್ನಿನ ಎಂಟಿ420 ಹಾಕಿದೆವು, ಎರಡೂ ಕಡೆ 203 ಮಿಲಿಮೀಟರಿನ ಡಿಸ್ಕು. ಎಲ್ಲ ಸೇರಿ 11 ಸಾವಿರ. ಡಿಸ್ಕು 160ರಿಂದ 203 ಆದರೆ ಅದೇ ಬೆರಳಿನ ಒತ್ತಿಗೆ ನಾಲ್ಕನೇ ಒಂದು ಭಾಗದಷ್ಟು ಜಾಸ್ತಿ ಹಿಡಿತ ಸಿಗುತ್ತದೆ. ಬಿಸಿ ಹರಡಲು ಜಾಗವೂ ಜಾಸ್ತಿ. ಫ್ರೇಮು, ಫೋರ್ಕು ಎಷ್ಟು ದೊಡ್ಡ ಡಿಸ್ಕು ತಡೆಯುತ್ತವೆ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ.

ಇಲ್ಲಿ ಎರಡು ವಿಷಯ ಒತ್ತಿ ಹೇಳಬೇಕು. ಶಿಮಾನೋ ಬ್ರೇಕಿಗೆ ಹಾಕುವುದು ಮಿನರಲ್ ಆಯಿಲ್. ನಮ್ಮೂರ ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಅಂತ ಕೇಳಿದರೆ ಕೊಡುವುದು ಕಾರು, ಬೈಕಿನ ಡಾಟ್ ಆಯಿಲ್. ಅದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ. ಡಾಟ್ ಬೇಡುವ ಬ್ರೇಕಿಗೆ ಮಿನರಲ್ ಹಾಕಿದರೂ ಅದೇ ಕತೆ. ಲಿವರಿನ ಮುಚ್ಚಳದ ಮೇಲೆ ಯಾವುದೆಂದು ಬರೆದಿರುತ್ತದೆ, ಓದಿಯೇ ಹಾಕಿ. ಎರಡನೆಯದು, ಅಗ್ಗದ ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡ್ ಓನ್ಲಿ, ಅಂದರೆ ರಾಳದ ಬ್ರೇಕ್ ಪ್ಯಾಡಿಗೆ ಮಾತ್ರ ಅಂತ ಅಚ್ಚು ಹೊಡೆದಿರುತ್ತಾರೆ. ಅಂಥದಕ್ಕೆ ಮೆಟಲ್ ಪ್ಯಾಡ್ ಹಾಕಬಾರದು, ಡಿಸ್ಕನ್ನೇ ತಿಂದುಬಿಡುತ್ತದೆ. ನಮ್ಮ ಕೆಮ್ಮಣ್ಣಿನ ರಾಡಿಯಲ್ಲಿ ರೆಸಿನ್ ಪ್ಯಾಡು ಬೇಗ ಸವೆಯುತ್ತದೆ. ಅದಕ್ಕೆ ಎರಡನ್ನೂ ತಡೆಯುವ ಡಿಸ್ಕು ತಂದು ಮೆಟಲ್ ಪ್ಯಾಡ್ ಹಾಕಿದೆವು. ಹೊಸ ಪ್ಯಾಡ್ ಹಾಕಿದ ಕೂಡಲೇ ಬೆಟ್ಟಕ್ಕೆ ಹೋಗಬೇಡಿ. ಸಪಾಟು ರಸ್ತೆಯಲ್ಲಿ ಜೋರಾಗಿ ಹೋಗಿ, ಚಕ್ರ ಲಾಕ್ ಆಗದ ಹಾಗೆ ನಿಧಾನಕ್ಕಿಳಿಸಿ. ಹದಿನೈದಿಪ್ಪತ್ತು ಸಲ ಹೀಗೆ ಮಾಡಿದರೆ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ.

ಟೈರಿಗೆ ಉಳಿದದ್ದು ಮೂರೂವರೆ ಸಾವಿರ. ಅದನ್ನು ಎರಡು ಸಾಧಾರಣ ಟೈರಿಗೆ ಹಂಚಲಿಲ್ಲ. ಮುಂದಕ್ಕೊಂದು ಒಳ್ಳೆಯದು, ಮ್ಯಾಕ್ಸಿಸ್ ಮಿನಿಯನ್ ಡಿಎಚ್‌ಎಫ್, ಮೆತ್ತನೆಯ ರಬ್ಬರಿನದು. ಹಿಂದಕ್ಕೆ ಸೈಕಲ್ ಜೊತೆ ಬಂದದ್ದೇ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ. ಗಾಳಿ ಮುಂದೆ 25, ಹಿಂದೆ 28 ಪಿಎಸ್‌ಐ ಆಸುಪಾಸು, ದಪ್ಪ ಟ್ಯೂಬು. ಇದು ಅವನ ತೂಕಕ್ಕೆ. ನಿಮ್ಮದಕ್ಕೆ ನೋಡಿಕೊಂಡು ಹೆಚ್ಚುಕಡಿಮೆ ಮಾಡಿ.

ಗೇರಿನ ಮೇಲೆ ಹೊಸ ಚೈನೊಂದು ಬಿಟ್ಟರೆ ಖರ್ಚು ಮಾಡಲಿಲ್ಲ. ಇಳಿಯುವಾಗ ಅದು ಲೆಕ್ಕಕ್ಕಿಲ್ಲ. ಒಟ್ಟು 49 ಸಾವಿರದ ಮೇಲೆ ಇನ್ನೂರು ಚಿಲ್ಲರೆ.

ಎಲ್ಲಿ ಓಡಿಸುವುದು ಎಂಬುದನ್ನೂ ಹೇಳಲೇಬೇಕು. ಸೊಪ್ಪಿನ ಬೆಟ್ಟದಲ್ಲಿ ಅಡಿಕೆ ಬೆಳೆಗಾರರಿಗೆ ಇರುವುದು ಸೊಪ್ಪು, ದರಕು ತರುವ ಸವಲತ್ತು. ಭೂಮಿ ಅರಣ್ಯದ್ದು. ನಾವು ನಮ್ಮ ಬೆಟ್ಟದ ಹಳೆಯ ಗಾಡಿದಾರಿಯಲ್ಲಿ ಮಾತ್ರ ಓಡಿಸುತ್ತೇವೆ. ಜಂಪ್ ಮಾಡಲು ಮಣ್ಣು ಅಗೆಯುವುದು, ತಿರುವಿಗೆ ಅಡ್ಡ ಬಂದ ಗಿಡ ಕಡಿಯುವುದು ಮಾಡಬೇಡಿ. ಬೇರೆಯವರ ಬೆಟ್ಟಕ್ಕೆ ಹೋಗುವುದಾದರೆ ಕೇಳಿ ಹೋಗಿ, ಉಣಗೋಲು ತೆಗೆದರೆ ತಿರುಗಿ ಹಾಕಿ, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತವೆ. ಜೊಯಿಡಾ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇದೆ, ಅಲ್ಲಿ ಕಾಡಿನ ದಾರಿಗೆ ಸೈಕಲ್ ಇಳಿಸುವ ಯೋಚನೆಯೇ ಬೇಡ. ದೇವಿಮನೆ ಘಟ್ಟದ ಡಾಂಬರು ರಸ್ತೆಯಲ್ಲಿ ಲಾರಿಗಳ ನಡುವೆ ಇಳಿಯುವುದಂತೂ ಡೌನ್‌ಹಿಲ್ ಅಲ್ಲವೇ ಅಲ್ಲ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಇಂಥ ಸೈಕಲ್ ಕಟ್ಟಿದರೆ ಬೋಲ್ಟುಗಳಿಗೆಲ್ಲ ಗ್ರೀಸ್ ಹಚ್ಚಿಯೇ ಹಾಕಿ. ಸಮುದ್ರದ ಉಪ್ಪು ಗಾಳಿಗೆ ಅಲ್ಯೂಮಿನಿಯಂ ಫ್ರೇಮಿನೊಳಗೆ ಉಕ್ಕಿನ ಬೋಲ್ಟು, ಸೀಟಿನ ಕೊಳವೆ ಕಚ್ಚಿಕೊಂಡರೆ ಬಿಡಿಸುವುದು ದೊಡ್ಡ ಕೆಲಸ. ನಮ್ಮಲ್ಲಿ ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಮಳೆಗಾಲದ ತೇವ ಸಾಕಷ್ಟಿದೆ. ರಾಕ್‌ಶಾಕ್ಸ್‌ನವರು ಫೋರ್ಕಿನ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸಲು ಐವತ್ತು ಗಂಟೆ ಸವಾರಿಯ ಲೆಕ್ಕ ಕೊಡುತ್ತಾರೆ. ಮಳೆಯಲ್ಲಿ ಓಡಿಸಿದರೆ ನಾನು ಅಷ್ಟು ಕಾಯುವುದಿಲ್ಲ. ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇರಿಂಗಿಗೆ, ಸೀಲಿಗೆ ಹೊಡೆಸಬೇಡಿ. ಬಕೆಟ್ ನೀರು, ಬಟ್ಟೆ ಸಾಕು.

ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದರೆ ಹಿಂದಿನ ಟೈರು ಹಾಕಿಸುವುದಿದೆ, ಆಮೇಲೆ ಚೈನು ಕಳಚದ ಹಾಗೆ ಹಿಡಿಯುವ ಚೈನ್ ಗೈಡು. ಹುಡುಗ ಎರಡು ಹಿಡಿತದ ಫೋರ್ಕು ಬೇಕು ಅನ್ನುತ್ತಿದ್ದಾನೆ. ಟೈರ್ ಮೊದಲು ಅಂತ ಹೇಳಿದ್ದೇನೆ.